ಚಪ್ಪರದ ಹೊರಗಿನ ಶ್ರೋತೃಗಳು

ಬೆಂಗಳೂರಿನ ಕಚೇರಿ ತಾಣಗಳ ಇತಿಹಾಸವನ್ನು ಸಾಮಾನ್ಯವಾಗಿ ಕಟ್ಟಡಗಳಿಂದ ಆರಂಭಿಸುತ್ತಾರೆ: 1935ರ ಪುರಭವನ, 1980ರಲ್ಲಿ ಪಿಟೀಲಿನ ಆಕಾರದಲ್ಲಿ ಎದ್ದ ಚೌಡಯ್ಯ ಸ್ಮಾರಕ ಭವನ. ನಾನು ಚಪ್ಪರದಿಂದ ಆರಂಭಿಸುತ್ತೇನೆ.

1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ ಹುಟ್ಟುಹಾಕಿದರು. ಅದರ ರಾಮನವಮಿ ಕಚೇರಿಗಳು ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯತೊಡಗಿದ ಮೇಲೆ ಶ್ರೋತೃಗಳಲ್ಲಿ ಎರಡು ಪಂಗಡ: ಚಪ್ಪರದೊಳಗೆ ಟಿಕೆಟ್ ಕೊಂಡವರು, ಹೊರಗೆ ಫುಟ್‌ಪಾತಿನ ಮೇಲೆ ವೃತ್ತಪತ್ರಿಕೆ ಹಾಸಿ ಕೂತವರು. ಹತ್ತಿರದಲ್ಲೇ ವೈದ್ಯಕೀಯ ಓದುತ್ತಿದ್ದ ನಾನು ಎರಡನೆಯ ಪಂಗಡ. ವಿದ್ವಾಂಸರ ಮುಖ ಕಾಣುತ್ತಿರಲಿಲ್ಲ. ಧ್ವನಿವರ್ಧಕದ ತನಿ ಆವರ್ತನದ ನಡುವೆ ಸಿಟಿ ಬಸ್ಸಿನ ಹಾರನ್ನು ಬೇರೆ! ಆದರೂ ಕಾಂಬೋಧಿಗೂ ಹರಿಕಾಂಬೋಧಿಗೂ ಇರುವ ವ್ಯತ್ಯಾಸವನ್ನು ನನಗೆ ತಿಳಿಸಿಕೊಟ್ಟವರು ಅಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಗುಮಾಸ್ತರೊಬ್ಬರು. ಸಭಾಂಗಣದ ಸೀಟಿನಲ್ಲಿ ಅಪರಿಚಿತರ ಜೊತೆ ಯಾರು ಮಾತಾಡುತ್ತಾರೆ?

ಚೌಡಯ್ಯ ಭವನದಲ್ಲಿ ನಾದ ಚೆನ್ನಾಗಿ ಕೇಳುತ್ತದೆ, ಒಪ್ಪುತ್ತೇನೆ. ಆದರೆ ಮೈಕಿಲ್ಲದ ಕಾಲದಲ್ಲಿ ದೂರ ಕೂತವರಿಗೂ ಕೇಳಲೆಂದೇ ಏಳು ತಂತಿಯ ಪಿಟೀಲು ರೂಪಿಸಿದವರು ಚೌಡಯ್ಯನವರು. ಅವರ ಹೆಸರಿನ ಭವನದ ಬಾಗಿಲು ಮುಚ್ಚಿದರೆ ರಸ್ತೆಯವರಿಗೆ ಒಂದು ಸ್ವರವೂ ದಕ್ಕದು.

ಇಲ್ಲಿ ಮಿಶಿಗನ್‌ನಲ್ಲಿ ನಮ್ಮ ಸಂಘ ಬಾಡಿಗೆಗೆ ಹಿಡಿಯುವ ಶಾಲಾ ಸಭಾಂಗಣಕ್ಕೂ ಅಂಥ ಫುಟ್‌ಪಾತಿಲ್ಲ. ಹಿಂದಿನ ಎರಡು ಸಾಲನ್ನು ವಿದ್ಯಾರ್ಥಿಗಳಿಗೆ ಉಚಿತವಾಗಿ ಬಿಡಿ ಎಂದು ಸಮಿತಿಯಲ್ಲಿ ನಾನು ವರ್ಷವರ್ಷವೂ ಹಠ ಹಿಡಿಯುವುದು ಅದಕ್ಕೇ.