ಮರಳಿನ ಮೇಲೆ ಬರೆಸಿದವರು: 1822ರ ಶಾಲಾ ಗಣತಿ ಮತ್ತು ಕೊಯಮತ್ತೂರು ಸೀಮೆಯ ಉಪಾಧ್ಯಾಯರು

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೀನಿ.

ಶಿಕ್ಷಣದ ಬಗ್ಗೆ ಸಂಶೋಧನೆ ಮಾಡುವವರು ಮತ್ತು ತರಗತಿಯಲ್ಲಿ ಪಾಠ ಮಾಡುವವರು ಒಟ್ಟಿಗೆ ಕೆಲಸ ಮಾಡಬೇಕು ಅನ್ನೋ ಮಾತು ಈಗ ಪ್ರತಿ ಯೋಜನೆಯಲ್ಲೂ ಇರುತ್ತೆ. ‘ಸಹಭಾಗಿತ್ವ’ ಅಂತ ಅದಕ್ಕೊಂದು ಹೆಸರೂ ಇದೆ. ಪ್ರಶ್ನೆ ಯಾರು ಕೇಳ್ತಾರೆ, ಉತ್ತರ ಯಾರು ಕೊಡ್ತಾರೆ, ಕೊನೆಗೆ ಪುಸ್ತಕದ ಮೇಲೆ ಯಾರ ಹೆಸರು ಬರುತ್ತೆ ಅನ್ನೋದನ್ನ ಅಮೆರಿಕದಲ್ಲಿ ಜನಾಂಗೀಯ ಸಮಾನತೆಯ ಪ್ರಶ್ನೆಯಾಗಿಯೇ ಚರ್ಚೆ ಮಾಡ್ತಾರೆ. ನಮ್ಮಲ್ಲಿ ಅದು ಜಾತಿ, ಭಾಷೆ, ನೌಕರಿಯ ಮೆಟ್ಟಿಲುಗಳಲ್ಲಿ ಹಂಚಿಹೋಗಿರೋದರಿಂದ ಬೇಗ ಕಣ್ಣಿಗೆ ಬೀಳೋಲ್ಲ. ಆದರೆ ಎಲ್ಲವೂ ಒಂದೇ ಹಾಳೆಯ ಮೇಲೆ ಕಾಣುವ ಒಂದು ಹಳೆಯ ಪ್ರಕರಣ ಇದೆ. ಪ್ರಶ್ನೆ ಕೇಳಿದವನು ಯೂರೋಪಿಯನ್ ಅಧಿಕಾರಿ, ಎಣಿಸಲ್ಪಟ್ಟವನು ಜಗಲಿಯ ಮೇಲೆ ಕೂತು ಮಗ್ಗಿ ಹೇಳಿಕೊಡುತ್ತಿದ್ದ ಮೇಷ್ಟ್ರು.

ಮೊದಲು ಸೀಮೆಯ ಬಗ್ಗೆ ಎರಡು ಮಾತು. 1799ರಲ್ಲಿ ಟಿಪ್ಪು ತೀರಿಕೊಂಡ ಮೇಲೆ ಈ ಪ್ರದೇಶ ಮೈಸೂರಿನ ಕೈಯಿಂದ ಕಂಪನಿಯ ಕೈಗೆ ಹೋಯಿತು. ಸ್ವಲ್ಪ ಕಾಲ ಭವಾನಿ ಒಂದು ಕೇಂದ್ರ, ಧಾರಾಪುರ ಇನ್ನೊಂದು; 1804ರಲ್ಲಿ ಎರಡೂ ಸೇರಿ ಒಂದೇ ಕೊಯಮತ್ತೂರು ಜಿಲ್ಲೆಯಾಯಿತು. ಇವತ್ತು ತಿರುಪ್ಪೂರು ಜಿಲ್ಲೆಯಲ್ಲಿರುವ ಧಾರಾಪುರ, ಪಲ್ಲಡಂ, ಅವಿನಾಶಿ ಎಲ್ಲ ಅದರೊಳಗೇ ಇದ್ದವು; ತಿರುಪ್ಪೂರು ಬೇರೆ ಜಿಲ್ಲೆಯಾದದ್ದು 2009ರಲ್ಲಿ. ನಮ್ಮ ಕೊಳ್ಳೇಗಾಲವೂ 1956ರ ತನಕ ಕೊಯಮತ್ತೂರಿಗೇ ಸೇರಿತ್ತು. ದೇವಾಂಗ ನೇಕಾರರು, ಒಕ್ಕಲಿಗರು ಮನೆಯೊಳಗೆ ಇವತ್ತಿಗೂ ಕನ್ನಡ ಆಡುವ ಊರುಗಳು ಅಲ್ಲಿವೆ. ಹಾಗಾಗಿ ಇದನ್ನ ‘ತಮಿಳುನಾಡಿನ ಚರಿತ್ರೆ’ ಅಂತ ಪಕ್ಕಕ್ಕಿಟ್ಟರೆ ನಮ್ಮದೇ ಒಂದು ಅಧ್ಯಾಯ ಕೈಬಿಟ್ಟ ಹಾಗೆ.

1822ರ ಜೂನ್‌ನಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಒಂದು ಟಿಪ್ಪಣಿ ಬರೆದ. ದೇಶದಲ್ಲಿ ಶಿಕ್ಷಣದ ಸ್ಥಿತಿ ಹೇಗಿದೆ ಅಂತ ಸರ್ಕಾರಕ್ಕೆ ಗೊತ್ತಿಲ್ಲ, ಆದ್ದರಿಂದ ಪ್ರತಿ ಕಲೆಕ್ಟರನೂ ತನ್ನ ಕಚೇರಿಗಳ ಮೂಲಕ ಶಾಲೆಗಳ ಪಟ್ಟಿ ತರಿಸಿ ಕಳಿಸಬೇಕು ಅಂತ ಅದರ ಸಾರ. ಜೊತೆಗೆ ಒಂದು ನಮೂನೆ ಇತ್ತು. ಅದರಲ್ಲಿ ಶಾಲೆಗಳ ಸಂಖ್ಯೆ, ಮಕ್ಕಳ ಸಂಖ್ಯೆ, ಆ ಮಕ್ಕಳು ಬ್ರಾಹ್ಮಣರೋ, ವೈಶ್ಯರೋ, ಶೂದ್ರರೋ, ‘ಇತರ ಎಲ್ಲ ಜಾತಿ’ಯವರೋ, ಮುಸಲ್ಮಾನರೋ, ಹೆಣ್ಣೋ ಗಂಡೋ ಅನ್ನೋ ಅಂಕಣಗಳು. ಓದಿಸುವ ಪುಸ್ತಕ ಯಾವುದು, ಫೀಜು ಎಷ್ಟು, ಎಷ್ಟು ವರ್ಷ ಓದ್ತಾರೆ ಅನ್ನೋದನ್ನೂ ಕೇಳಿದ್ದರು. ಉಪಾಧ್ಯಾಯನಿಗೆ ಒಂದು ಅಂಕಣ ಇರಲಿಲ್ಲ. ಅವನ ಹೆಸರು, ಜಾತಿ, ಅವನು ಎಲ್ಲಿ ಕಲಿತ, ಅವನ ಕಷ್ಟ ಏನು, ಇದ್ಯಾವುದೂ ಇಲ್ಲ. ಭಾಷೆಗೂ ಅಂಕಣ ಇರಲಿಲ್ಲ.

ಕೊಯಮತ್ತೂರಿನ ಕಲೆಕ್ಟರ್ ಆಗ ಜಾನ್ ಸಲ್ಲಿವನ್, ಊಟಿ ಕಟ್ಟಿದವನು ಅಂತ ನಾವೆಲ್ಲ ಕೇಳಿರುವ ಅದೇ ಸಲ್ಲಿವನ್. ಅವನು ಅದೇ ವರ್ಷ ನವೆಂಬರ್‌ನಲ್ಲಿ ಲೆಕ್ಕ ಕಳಿಸಿದ. ಪರದೆಯ ಮೇಲೆ ಇರೋ ಪಟ್ಟಿ ನೋಡಿ: 763 ಶಾಲೆಗಳು, 8,206 ಮಕ್ಕಳು. ಅದರಲ್ಲಿ ಬ್ರಾಹ್ಮಣರು 918, ವೈಶ್ಯರು 289, ಶೂದ್ರರು 6,379, ಇತರ ಜಾತಿಯವರು 226, ಮುಸಲ್ಮಾನರು 312, ಹೆಣ್ಣುಮಕ್ಕಳು 82. ಇದಲ್ಲದೆ ಉನ್ನತ ವ್ಯಾಸಂಗದ 173 ಕೇಂದ್ರಗಳು, 724 ವಿದ್ಯಾರ್ಥಿಗಳು.

ಈ ಅಂಕಿಗಳನ್ನ ನಾನು ಮೊದಲ ಸಲ ನೋಡಿದಾಗ ಎಲ್ಲರ ಹಾಗೆ ನಾನೂ ಶೂದ್ರ ಅಂಕಣದ ಮೇಲೇ ಕಣ್ಣಿಟ್ಟೆ. ನೂರಕ್ಕೆ ಸುಮಾರು 78! ಶಾಲೆ ಅಂದರೆ ಬ್ರಾಹ್ಮಣರದ್ದು ಅಂತ ಕೇಳಿ ಬೆಳೆದವರಿಗೆ ಅದು ದೊಡ್ಡ ಸಂಗತಿಯೇ. ಆದರೆ ಆ ಒಂದು ಅಂಕಣದೊಳಗೆ ನೂರಾರು ಎಕರೆಯ ವೆಳ್ಳಾಳ ಗೌಂಡರ ಮಗನೂ ಇದ್ದಾನೆ, ಬಾಡಿಗೆ ಮಗ್ಗದಲ್ಲಿ ನೇಯುವವನ ಮಗನೂ ಇದ್ದಾನೆ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತಮಿಳು ಬರೆದ ಹುಡುಗ ಯಾವ ಅಂಕಣಕ್ಕೂ ಸಿಗಲ್ಲ. ಇನ್ನೊಂದು ಲೆಕ್ಕ ಮಾಡಿ: 8,206ನ್ನ 763ರಿಂದ ಭಾಗಿಸಿದರೆ ಒಂದು ಶಾಲೆಗೆ ಹನ್ನೊಂದು ಮಕ್ಕಳೂ ಬೀಳಲ್ಲ. ಅಂದರೆ ಕಡಿಮೆ ಅಂದರೂ ಏಳುನೂರ ಚಿಲ್ಲರೆ ಉಪಾಧ್ಯಾಯರು ಹತ್ತತ್ತು ಮಕ್ಕಳನ್ನ ಕೂರಿಸಿಕೊಂಡು ಪಾಠ ಮಾಡ್ತಿದ್ದರು. ಆ ಏಳುನೂರು ಜನರನ್ನ ನಾವು ಇವತ್ತು ಭಾಗಾಕಾರ ಮಾಡಿಯೇ ಕಂಡುಹಿಡಿಯಬೇಕು.

ಅವರಿಗೆ ಗೊತ್ತಿದ್ದದ್ದು ಏನು ಅಂತ ಕೇಳಿದರೆ ಕಥೆ ಸ್ವಲ್ಪ ಹಿಂದಕ್ಕೆ, ಮದ್ರಾಸಿಗೆ ಹೋಗುತ್ತೆ. 1789ರಲ್ಲಿ ಎಗ್ಮೋರಿನ ಅನಾಥ ಬಾಲಕರ ಶಾಲೆಗೆ ಮೇಲ್ವಿಚಾರಕನಾದವನು ಆಂಡ್ರ್ಯೂ ಬೆಲ್ ಅನ್ನೋ ಸ್ಕಾಟ್ಲೆಂಡಿನ ಪಾದ್ರಿ. ಯೂರೋಪಿಯನ್ ಸಿಪಾಯಿಗಳ ಮಕ್ಕಳು ಅಲ್ಲಿದ್ದರು, ಅನೇಕರ ತಾಯಂದಿರು ಭಾರತೀಯರು. ಒಂದು ಬೆಳಿಗ್ಗೆ ಕುದುರೆ ಮೇಲೆ ಹೋಗ್ತಾ ಬೆಲ್ ಒಂದು ‘ಮಲಬಾರ್’ ಶಾಲೆ ನೋಡಿದ (ಆಗಿನ ಯೂರೋಪಿಯನ್ನರು ತಮಿಳಿಗೂ ಮಲಬಾರ್ ಅನ್ನುತ್ತಿದ್ದರು). ಮಕ್ಕಳು ನೆಲದ ಮೇಲೆ ಕೂತು ಮರಳಿನಲ್ಲಿ ಬೆರಳಿಂದ ಅಕ್ಷರ ತಿದ್ದುತ್ತಿದ್ದರು. ಬೆಲ್ ಅದನ್ನ ತನ್ನ ಶಾಲೆಗೆ ತಂದ. ಅಲ್ಲಿನ ಸಹಾಯಕ ಮೇಷ್ಟ್ರುಗಳು ಒಪ್ಪಲಿಲ್ಲ, ಆಗ ಜಾನ್ ಫ್ರಿಸ್ಕೆನ್ ಅನ್ನೋ ಎಂಟು ವರ್ಷದ ಹುಡುಗನ ಕೈಗೆ ಚಿಕ್ಕ ಮಕ್ಕಳನ್ನ ಒಪ್ಪಿಸಿದ. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವ ಈ ಕ್ರಮ ಜಗಲಿ ಶಾಲೆಗಳಲ್ಲಿ ಮೊದಲಿಂದಲೂ ಇತ್ತು. ತಮಿಳಿನಲ್ಲಿ ಅಂಥ ಹುಡುಗನಿಗೆ ಸಟ್ಟಾಂಪಿಳ್ಳೈ ಅನ್ನುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಹಳಬರು ಹಿರೇಮಣಿ ಅಂತಾರೆ.

1797ರಲ್ಲಿ ಬೆಲ್ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ಅದು ‘ಮದ್ರಾಸ್ ಪದ್ಧತಿ’ ಅಂತ ಹೆಸರಾಯಿತು. ಅದನ್ನ ಮೊದಲು ಕಂಡುಹಿಡಿದವರು ಬೆಲ್ಲೋ ಜೋಸೆಫ್ ಲ್ಯಾಂಕಾಸ್ಟರೋ ಅಂತ ಇಂಗ್ಲೆಂಡಿನಲ್ಲಿ ವರ್ಷಾನುಗಟ್ಟಲೆ ಜಗಳ ನಡೀತು. ಬೆಲ್ 1832ರಲ್ಲಿ ಸತ್ತಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಣ್ಣು ಮಾಡಿದರು. ಅವನು ಬಿಟ್ಟುಹೋದ ಹಣದಿಂದ ಅವನ ಊರು ಸೇಂಟ್ ಆಂಡ್ರ್ಯೂಸ್‌ನಲ್ಲಿ ಮದ್ರಾಸ್ ಕಾಲೇಜು ಶುರುವಾಯಿತು. ಎಂಟು ವರ್ಷದ ಫ್ರಿಸ್ಕೆನ್ ಹೆಸರೂ ಚರಿತ್ರೆಯಲ್ಲಿ ಉಳಿದಿದೆ. ಆ ಬೆಳಿಗ್ಗೆ ಮರಳು ಹರಡಿ ಮಕ್ಕಳನ್ನ ಕೂರಿಸಿದ್ದ ಮೇಷ್ಟ್ರ ಹೆಸರನ್ನ ಬೆಲ್ ಕೇಳಿ ಬರೆದುಕೊಂಡಿಲ್ಲ. ಊರಿನ ಹೆಸರು ಉಳಿಯಿತು, ಮನುಷ್ಯನದ್ದು ಉಳಿಯಲಿಲ್ಲ. ಇದನ್ನ ಕಳ್ಳತನ ಅಂತ ಕರೆಯೋಕೆ ನನಗೆ ಇಷ್ಟ ಇಲ್ಲ. ಕದ್ದದ್ದು ಅನ್ನಬೇಕಾದರೆ ಅದು ಇನ್ನೊಬ್ಬನದ್ದು ಅನ್ನೋ ಅರಿವಾದರೂ ಇರಬೇಕು. ಬೆಲ್‌ಗೆ ಅದು ದಾರಿಯಲ್ಲಿ ಸಿಕ್ಕ ವಸ್ತು.

1822ರ ಗಣತಿಯಲ್ಲಿ ಇದನ್ನ ಒಪ್ಪಿಕೊಂಡ ಒಬ್ಬ ಅಧಿಕಾರಿಯೂ ಇದ್ದಾನೆ. ಅವನು ನಮ್ಮ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್, ತೆಲುಗು ವ್ಯಾಕರಣ ಬರೆದವನು. 1823ರ ಆಗಸ್ಟ್‌ನಲ್ಲಿ ಅವನು ಕಳಿಸಿದ ವರದಿಯಲ್ಲಿ 533 ಶಾಲೆಗಳಿವೆ, ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು, ನಾಲ್ಕು ತಮಿಳಿನವು. ನಮೂನೆ ಕೇಳದಿದ್ದರೂ ಅವನು ಭಾಷೆ ಬರೆದ, ಏಕೆಂದರೆ ಅವನಿಗೆ ಭಾಷೆ ಕಾಣುತ್ತಿತ್ತು. ಇಂಗ್ಲೆಂಡು ಅನುಕರಿಸಿದ ಕ್ರಮ ಇಲ್ಲಿಯದೇ, ಅದು ಅನುಕರಣೆಗೆ ಯೋಗ್ಯವೇ ಅಂತ ಅವನು ಒಪ್ತಾನೆ. ಯೂರೋಪಿನ ಬಟ್ಟೆ ಬಂದು ಇಲ್ಲಿನ ನೇಯುವವರ ಸಂಪಾದನೆ ಇಳಿದದ್ದನ್ನೂ ಶಾಲೆಗಳ ಬಡತನಕ್ಕೆ ಒಂದು ಕಾರಣವಾಗಿ ಹೇಳ್ತಾನೆ. ನೇಕಾರರ ಸೀಮೆಯ ಬಗ್ಗೆ ಮಾತಾಡುವಾಗ ಈ ವಾಕ್ಯ ಮರೆಯಬಾರದು.

ಕನ್ನಡ ಓದುವ ನಮಗೆ ಆ ವರದಿಯ ಪುಸ್ತಕಪಟ್ಟಿ ತುಂಬ ಮುಖ್ಯ. ಅಚ್ಚಾದ ಪಠ್ಯದಲ್ಲಿ ‘ಬುವಪೂರಾಣ’, ‘ರಾಘವನ್-ಕುಂಕೌಯ’, ‘ಗೀರುಜ ಕುಲ್ಲಾನ’, ‘ಉನ್‌ಭವಮೂರ್ತ’ ಅಂತೆಲ್ಲ ಹೆಸರುಗಳಿವೆ. ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡೆ. ಗಟ್ಟಿಯಾಗಿ ಓದಿದಾಗ ಹೊಳೆಯಿತು: ಬಸವಪುರಾಣ, ರಾಘವಾಂಕ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ. ಯಾವನೋ ಮೇಷ್ಟ್ರು ಬಾಯಲ್ಲಿ ಹೇಳಿದ್ದು ಗುಮಾಸ್ತರ ಕಿವಿ, ಇಂಗ್ಲಿಷಿನ ಕಾಗುಣಿತ, ನಕಲುಗಾರರ ಕೈ ದಾಟಿ ಹೀಗಾಗಿದೆ. ಹರಿಹರ, ರಾಘವಾಂಕರನ್ನ ಹಳ್ಳಿಯ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದವರ ಧ್ವನಿ ಆ ತಪ್ಪು ಕಾಗುಣಿತದಲ್ಲೇ ಉಳಿದಿದೆ. ನನಗೆ ಸಿಕ್ಕಿರುವ ಉಪಾಧ್ಯಾಯನ ಧ್ವನಿ ಅಷ್ಟೇ. ಅರ್ಥ ಗೊತ್ತಿಲ್ಲದ ಪದ್ಯ ಉರು ಹೊಡೆಸುತ್ತಾರೆ ಅಂತ ಕ್ಯಾಂಪ್‌ಬೆಲ್ ದೂರುತ್ತಾನೆ. ದೂರಿನಲ್ಲಿ ಸತ್ಯ ಇರಬಹುದು, ಮೇಷ್ಟ್ರ ಉತ್ತರ ಮಾತ್ರ ದಾಖಲೆಯಲ್ಲಿಲ್ಲ.

ಕೆನರಾ ಜಿಲ್ಲೆಯದ್ದು ಇನ್ನೊಂದು ಬಗೆ. ಕಾಸರಗೋಡೂ ಸೇರಿದ್ದ ಆ ಜಿಲ್ಲೆಯ ಕಲೆಕ್ಟರ್ ನಮೂನೆ ತುಂಬಿಸೋದು ವ್ಯರ್ಥ, ಇಲ್ಲಿ ಕಾಲೇಜುಗಳೂ ಇಲ್ಲ, ಸ್ಥಿರವಾದ ಶಾಲೆ-ಮೇಷ್ಟ್ರುಗಳೂ ಇಲ್ಲ ಅಂತ ಬರೆದು ಕೈತೊಳೆದುಕೊಂಡ. ಇಡೀ ಕನ್ನಡ ಕರಾವಳಿ ಲೆಕ್ಕದಿಂದ ಆಚೆ ಬಿತ್ತು.

1826ರ ಮಾರ್ಚ್‌ನಲ್ಲಿ ಮನ್ರೋ ಎಲ್ಲವನ್ನೂ ಕೂಡಿಸಿದ: 1,28,50,941 ಜನ, 12,498 ಶಾಲೆಗಳು, 1,88,650 ಮಕ್ಕಳು. ಮೇಷ್ಟ್ರುಗಳು ತಿಂಗಳಿಗೆ ಆರೇಳು ರೂಪಾಯಿಗಿಂತ ಹೆಚ್ಚು ಸಂಪಾದಿಸೋದಿಲ್ಲ, ಅಷ್ಟು ಹಣಕ್ಕೆ ಯೋಗ್ಯರು ಬರೋದಿಲ್ಲ ಅಂತಲೂ ಬರೆದ. ಮನ್ರೋ ಕೆಟ್ಟ ಮನುಷ್ಯನಲ್ಲ. ಊರಿನ ಶಾಲೆಗಳಲ್ಲಿ ಕೈಹಾಕಬಾರದು, ಜನ ತಮ್ಮಿಷ್ಟದಂತೆ ನಡೆಸಿಕೊಳ್ಳಲಿ ಅಂತ ಮೊದಲೇ ಹೇಳಿದ್ದವನು. ಆದರೆ ಮಾಹಿತಿ ಬಂದ ಮೇಲೆ ಅವನು ಸೂಚಿಸಿದ್ದು ಹೊಸ ಶಾಲೆಗಳನ್ನ: ಜಿಲ್ಲೆಯಲ್ಲಿ 15 ರೂಪಾಯಿ, ತಹಸೀಲಿನಲ್ಲಿ 9 ರೂಪಾಯಿ ಸಂಬಳದ, ಸರ್ಕಾರ ಆರಿಸಿದ ಉಪಾಧ್ಯಾಯರು. ಮಾಹಿತಿ ಕೊಟ್ಟ ಜಗಲಿಯವರಿಗೆ ಒಂದು ಕಾಸೂ ಇಲ್ಲ. ಮರುವರ್ಷ ಮನ್ರೋ ಕಾಲರಾದಿಂದ ತೀರಿಕೊಂಡ. 1836ರ ಹೊತ್ತಿಗೆ ಆ ತಹಸೀಲ್ದಾರಿ ಶಾಲೆಗಳೂ ಮುಚ್ಚಿದವು.

ಹಾಗಂತ ಜಗಲಿ ಮೇಷ್ಟ್ರನ್ನ ದೇವರು ಮಾಡೋದು ಬೇಡ. ‘ಇತರ ಜಾತಿ’ಯ 226 ಅನ್ನೋ ಅಂಕಿ ಇದೆಯಲ್ಲ, ಅದರಲ್ಲಿ ಅವನ ಪಾಲೂ ಇದೆ. ಜಗಲಿ ಯಾರದ್ದೋ ಮನೆಯದ್ದು. ಆ ಮನೆಯ ಮೆಟ್ಟಿಲು ಹತ್ತಬಾರದವರ ಮಕ್ಕಳು ಮರಳಿನ ತನಕವೂ ಬರಲಿಲ್ಲ. ಬೆಲ್‌ನ ಎದುರು ಹೆಸರಿಲ್ಲದವನಾದ ಮೇಷ್ಟ್ರು ಬೀದಿಯ ಕೊನೆಯ ಮನೆಯವರ ಎದುರು ಯಜಮಾನನೇ ಆಗಿದ್ದ. ಜನಾಂಗದ ಏಣಿ, ಜಾತಿಯ ಏಣಿ ಎರಡನ್ನೂ ಒಟ್ಟಿಗೆ ಇಟ್ಟು ನೋಡದಿದ್ದರೆ ಈ ಪಟ್ಟಿ ನಮಗೆ ಬೇಕಾದ್ದನ್ನಷ್ಟೇ ಹೇಳುತ್ತೆ.

ಮುಂದಿನ ನೂರೈವತ್ತು ವರ್ಷ ಆಗಿದ್ದೂ ಅದೇ. 1931ರ ಅಕ್ಟೋಬರ್ 20ರಂದು ಗಾಂಧೀಜಿ ಲಂಡನ್ನಿನಲ್ಲಿ ಬ್ರಿಟಿಷರು ಬಂದ ಮೇಲೆ ಭಾರತದ ಅಕ್ಷರಜ್ಞಾನ ಕುಗ್ಗಿತು ಅಂದಾಗ ಫಿಲಿಪ್ ಹಾರ್ಟೋಗ್ ಸಾಕ್ಷಿ ಕೇಳಿದ. 1983ರಲ್ಲಿ ಧರ್ಮಪಾಲ್ ಈ ಮದ್ರಾಸ್ ದಾಖಲೆಗಳನ್ನೆಲ್ಲ ‘ದಿ ಬ್ಯೂಟಿಫುಲ್ ಟ್ರೀ’ ಅನ್ನೋ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ನಾನು ಇಲ್ಲಿ ಬಳಸಿದ ಅಂಕಿಗಳು ಅಲ್ಲಿಯವೇ; ಅವರ ಋಣ ದೊಡ್ಡದು. 1995ರಲ್ಲಿ ಆ ಪುಸ್ತಕ ಮರುಮುದ್ರಣವಾದದ್ದು ಕೊಯಮತ್ತೂರಿನಲ್ಲೇ. 763 ಶಾಲೆಗಳ ಲೆಕ್ಕ 173 ವರ್ಷದ ನಂತರ ಊರಿಗೆ ವಾಪಸ್ ಬಂದ ಹಾಗೆ. ಆದರೆ ವಾದ ನಡೆದದ್ದೆಲ್ಲ ಎಷ್ಟು ಶಾಲೆ, ಎಷ್ಟು ಮಕ್ಕಳು ಅನ್ನೋದರ ಮೇಲೆ. ಮನ್ರೋನ ಅಂಕಣಗಳನ್ನ ಎರಡೂ ಕಡೆಯವರು ಹಾಗೇ ಒಪ್ಪಿಕೊಂಡು ಜಗಳ ಆಡಿದರು.

ಇಲ್ಲಿ ನನ್ನದೊಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಈ ಪ್ರಬಂಧ ಬರೆದ ಕಾರಣ ಗೊತ್ತಾಗಲ್ಲ. ಎರಡು ವರ್ಷದ ಹಿಂದೆ ಒಂದು ಸಮೀಕ್ಷಾ ತಂಡದಲ್ಲಿ ಮೂರು ವಾರ ಕೂಲಿಗೆ ಕೆಲಸ ಮಾಡಿದೆ. ತಿರುಪ್ಪೂರು ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯ ಟೀಚರ್ ಒಬ್ಬರು, ಮನೆಮಾತು ಕನ್ನಡ, ನನಗೆ ತಮ್ಮ ನೋಟುಬುಕ್ಕು ತೋರಿಸಿದರು. ಒಂದನೇ ಕ್ಲಾಸಿಗೆ ಬರುವ ನೇಕಾರರ ಮಕ್ಕಳು ಮನೆಯಲ್ಲಿ ಹಾಲು, ಹಲ್ಲು, ಹುಲಿ, ಹತ್ತು ಅಂತಾರೆ. ಪುಸ್ತಕದಲ್ಲಿ ಪಾಲ್, ಪಲ್, ಪುಲಿ, ಪತ್ತು ಅಂತಿರುತ್ತೆ. ಟೀಚರ್ ಈ ಜೋಡಿಗಳನ್ನ ಪಟ್ಟಿ ಮಾಡಿ, ‘ಮನೆಯ ಹ, ಶಾಲೆಯ ಪ’ ಅಂತ ಮಕ್ಕಳಿಗೆ ಆಟ ಆಡಿಸಿ ಓದು ಕಲಿಸುತ್ತಿದ್ದರು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುತ್ತೆ ಅಂತ ನಾವು ಪರೀಕ್ಷೆಗೆ ಬರೀತೀವಲ್ಲ, ಅದೇ. ಅವರು ಅದನ್ನ ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಮಕ್ಕಳ ಬಾಯಲ್ಲಿ ಕೇಳಿದ್ದರು. ನಾನು ನಲವತ್ತು ಪುಟದ ಫೋಟೋ ತೆಗೆದು ತಂಡಕ್ಕೆ ಕಳಿಸಿದೆ. ವರದಿ ಬಂದಾಗ ಅದು ‘ತಂಡ ರೂಪಿಸಿದ ಕ್ರಮ’ ಆಗಿತ್ತು. ನನ್ನ ಹೆಸರು ಕೃತಜ್ಞತೆಯಲ್ಲಿತ್ತು. ಅವರದ್ದು ಇರಲಿಲ್ಲ. ನಾನು ಸುಮ್ಮನಿದ್ದೆ. ಒಂದು ದಿನ ಅವರೇ ಫೋನ್ ಮಾಡಿ, “ಏನ್ ಕಣ್ಣು, ನನ್ನ ನೋಟು ಬಂತಾ ಬುಕ್ಕಲ್ಲಿ?” ಅಂತ ಕೇಳಿದರು. ಬಂದಿದೆ ಟೀಚರ್ ಅಂದೆ. ಅದು ಅರ್ಧ ಸುಳ್ಳು.

(ಸಂವಾದದ ಭಾಗದಿಂದ) ಮೇಡಂ ಕೇಳಿದ ಪ್ರಶ್ನೆ: ಹೆಸರು ಹಾಕಿಬಿಟ್ಟರೆ ಅಧಿಕಾರ ಸಮ ಆಗುತ್ತಾ? ಇಲ್ಲ ಮೇಡಂ, ಆಗಲ್ಲ. ಫ್ರಿಸ್ಕೆನ್‌ನ ಹೆಸರು ಇತ್ತು, ಅಧಿಕಾರ ಬೆಲ್‌ನದ್ದೇ. ಅಂಕಣ ಹಾಕುವಾಗಲೇ ಮೇಷ್ಟ್ರು ಕೋಣೆಯಲ್ಲಿ ಇರಬೇಕು ಅನ್ನೋದು ನನ್ನ ವಾದ. ಆ ಟೀಚರಿಗೆ ಕಳೆದ ತಿಂಗಳು ಪೂರ್ತಿ ನಿಜ ಹೇಳಿದೆ, ಇಲ್ಲಿ ಅವರ ಹೆಸರು ಹೇಳಲೇ ಅಂತಲೂ ಕೇಳಿದೆ. ಬೇಡ ಅಂದರು, ಮೇಲಿನವರು ಕೇಳಿದರೆ ತೊಂದರೆ ಅಂತ. ಆಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು. ಈಗ ‘ಬ’ ಮತ್ತು ‘ವ’ದ ಪಟ್ಟಿ ಮಾಡ್ತಿದ್ದಾರಂತೆ: ಬಾಳೆ–ವಾಳೈ, ಬೀದಿ–ವೀದಿ, ಬೇರು–ವೇರ್. ಕೆಲವು ಪದ ಮಾತ್ರ ಈ ಜೋಡಿಗೆ ಬಗ್ಗಲ್ಲ, ಯಾಕೆ ಅಂತ. ನನಗೂ ಉತ್ತರ ಗೊತ್ತಿರಲಿಲ್ಲ. ಬಗ್ಗದ ಪದಗಳ ಪಟ್ಟಿಯನ್ನ ಅವರು ಕಳಿಸಿದ್ದಾರೆ. ಭಾಷಾಶಾಸ್ತ್ರ ಓದಿದವರು ಇಲ್ಲಿ ಯಾರಾದರೂ ಇದ್ದರೆ ಅವರ ಜೊತೆ ನೇರವಾಗಿ ಮಾತಾಡಬಹುದು. ಶನಿವಾರ ಮಧ್ಯಾಹ್ನ ಬಿಡುವಿರುತ್ತೆ ಅಂದಿದ್ದಾರೆ.