ಬಾರ್ಲೆ
ನೆದರ್ಲೆಂಡ್ಸ್‌ನ ದಕ್ಷಿಣದಲ್ಲಿ, ಬೆಲ್ಜಿಯಂ ಗಡಿಗೆ ಸಮೀಪವಿರುವ ಊರು. ಡಚ್ ಭಾಗದ ಹೆಸರು ಬಾರ್ಲೆ-ನಸ್ಸೌ, ಬೆಲ್ಜಿಯನ್ ಭಾಗದ್ದು ಬಾರ್ಲೆ-ಹೆರ್ಟೊಗ್. ಬೆಲ್ಜಿಯಂಗೆ ಸೇರಿದ 22 ತುಂಡು ನೆಲ ಡಚ್ ಪ್ರದೇಶದಲ್ಲಿ ಚದುರಿವೆ. ಆ ತುಂಡುಗಳೊಳಗೆ ಮತ್ತೆ 7 ಡಚ್ ತುಣುಕುಗಳಿವೆ. ಬ್ರಬಾಂಟ್‌ನ ಡ್ಯೂಕ್ ಹಾಗೂ ಬ್ರೆಡಾದ ಒಡೆಯರ ನಡುವೆ ಮಧ್ಯಯುಗದಲ್ಲಿ ನಡೆದ ಜಮೀನು ಹಂಚಿಕೆಯೇ ಇದಕ್ಕೆ ಮೂಲ. ಗಡಿಯನ್ನು ಅಂತಿಮವಾಗಿ ಗುರುತಿಸಿದ್ದು 1995ರಲ್ಲಿ.

ಇಲ್ಲಿ ಗಡಿ ದಾಟಲು ಪಾಸ್‌ಪೋರ್ಟ್ ತೋರಿಸಬೇಕಿಲ್ಲ, ರಸ್ತೆಯ ಆ ಬದಿಗೆ ಹೋದರೆ ಸಾಕು. ಕಾಲುದಾರಿಯ ಮೇಲೆ ಬಿಳಿ ಅಡ್ಡಗುರುತುಗಳ ಸಾಲು; ಒಂದು ಮಗ್ಗುಲಲ್ಲಿ ‘ಎನ್‌ಎಲ್’, ಇನ್ನೊಂದರಲ್ಲಿ ‘ಬಿ’. ಗೆರೆ ಮನೆ, ಅಂಗಡಿಗಳ ಒಳಗೂ ಹಾಯುತ್ತದೆ. ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶಕ್ಕೆ ಸೇರಿದ್ದೆಂಬುದು ಇಲ್ಲಿನ ರೂಢಿ. ಎಷ್ಟು ಸರಳ, ಎಷ್ಟು ವಿವೇಕದ ಏರ್ಪಾಡು!

ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಬಹುಪಾಲನ್ನು ಜರ್ಮನ್ ಸೇನೆ ಆಕ್ರಮಿಸಿದರೂ, ತಟಸ್ಥ ನೆದರ್ಲೆಂಡ್ಸ್ ಸುತ್ತುವರಿದಿದ್ದ ಈ ಊರಿನ ಬೆಲ್ಜಿಯನ್ ತುಂಡುಗಳು ಅದರ ಕೈಗೆ ಸಿಗಲಿಲ್ಲ.

ಇಂದು ಗಡಿ ತೆರೆದಿದ್ದರೂ ಕಾನೂನು ಎರಡೇ. ಇಬ್ಬರು ಮೇಯರ್‌ಗಳು, ಎರಡು ಪುರಸಭೆಗಳು. 2020ರಲ್ಲಿ ಕೊರೊನಾ ಶುರುವಾದಾಗ ಬೆಲ್ಜಿಯಂ ಅವಶ್ಯಕವಲ್ಲದ ಅಂಗಡಿಗಳನ್ನು ಮುಚ್ಚಿಸಿತು, ನೆದರ್ಲೆಂಡ್ಸ್ ಮುಚ್ಚಿಸಲಿಲ್ಲ. ಗೆರೆ ಹಾಯ್ದಿದ್ದ ಬಟ್ಟೆ ಅಂಗಡಿಯೊಂದು ಬೆಲ್ಜಿಯನ್ ಅರ್ಧಕ್ಕೆ ಪಟ್ಟಿ ಕಟ್ಟಿ, ಡಚ್ ಅರ್ಧದಲ್ಲಿ ವ್ಯಾಪಾರ ಮುಂದುವರಿಸಿತು.