ಲೋಕಲ್ ಫಂಡ್ ಸೆಸ್ (ಉತ್ತರ ಕನ್ನಡ)

ಮುಂಬಯಿ ಪ್ರಾಂತ್ಯದಲ್ಲಿ ರಸ್ತೆ ಮತ್ತು ಶಾಲೆಗಳಿಗಾಗಿ ಭೂಕಂದಾಯದ ಜೊತೆ ವಸೂಲು ಮಾಡುತ್ತಿದ್ದ ಸ್ಥಳೀಯ ಉಪಕರ. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಆಡಳಿತಕ್ಕೆ ಬಂದ ಉತ್ತರ ಕನ್ನಡದಲ್ಲೂ ಇದು ಜಾರಿಯಲ್ಲಿತ್ತು. 1869ರ ಕಾಯ್ದೆಯಂತೆ ಒಂದು ರೂಪಾಯಿ ಕಂದಾಯಕ್ಕೆ ಒಂದು ಆಣೆ ಸೆಸ್. ಅದರಲ್ಲಿ ಮೂರರಲ್ಲಿ ಎರಡು ಪಾಲು ರಸ್ತೆ ಮೊದಲಾದ ಕಾಮಗಾರಿಗಳಿಗೆ, ಉಳಿದದ್ದು ಶಿಕ್ಷಣಕ್ಕೆ. ಸುಂಕದ ಗೇಟು ಮತ್ತು ತಾರಿಗಳ (ನದಿ ದಾಟಿಸುವ ದೋಣಿಗಳ) ಆದಾಯವೂ ಸ್ಥಳೀಯ ನಿಧಿಗೆ ಸೇರುತ್ತಿತ್ತು. 1884ರ ಕಾಯ್ದೆ ಈ ಹಣದ ಹೊಣೆಯನ್ನು ಜಿಲ್ಲಾ ಮತ್ತು ತಾಲೂಕು ಲೋಕಲ್ ಬೋರ್ಡುಗಳಿಗೆ ಹಂಚಿತು.

ಕಾಳಿ, ಗಂಗಾವಳಿ ನದಿಗಳು ತುಂಡರಿಸಿದ ಈ ಕರಾವಳಿಗೆ ಸಾಮೂಹಿಕ ನಿಧಿ ಅಗತ್ಯವೇ ಆಗಿತ್ತು. ಗಂಗಾವಳಿಯ ಆಚೆ ದಡದ ಕುಮಟಾ ತಾಲೂಕಿನ ದಾರಿ ಕೆಟ್ಟಿದ್ದರೆ ಅಂಕೋಲಾ ತಾಲೂಕಿನ ಮಂಜಗುಣಿಯಲ್ಲಿ ತಾರಿ ಇದ್ದೂ ಪ್ರಯೋಜನವಿರಲಿಲ್ಲ. ಆದರೆ ಭಾರ ನ್ಯಾಯವಾಗಿ ಹಂಚಿಕೆಯಾಗಲಿಲ್ಲ: ಘಟ್ಟದಿಂದ ಕಾರವಾರ ಬಂದರಿಗೆ ಹತ್ತಿ ಸಾಗಿಸಿ ಲಾಭ ಮಾಡಿದ ವರ್ತಕ ಗೇಟಿನಲ್ಲಿ ಸುಂಕ ಕೊಟ್ಟರೆ ಮುಗಿಯಿತು, ಸೆಸ್ ಮಾತ್ರ ಬಂಡಿ ಇರಲಿ, ಇಲ್ಲದಿರಲಿ, ಜಮೀನಿದ್ದವನ ಮೇಲೆ ಬಿತ್ತು.

ಇದಕ್ಕೆ ವ್ಯತಿರಿಕ್ತವಾಗಿ, ಬೆಳವಣಿಗೆಯಿಂದ ಲಾಭ ಪಡೆಯುವವರೇ ಶುಲ್ಕ ತೆರಬೇಕೆಂಬ ತತ್ತ್ವ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಲ್ಲಿದೆ. ಭೂಮಿಯ ಬಳಕೆ ಬದಲಾವಣೆ ಮತ್ತು ಅಭಿವೃದ್ಧಿಗೆ ಸುಧಾರಣಾ ಶುಲ್ಕ ವಿಧಿಸಲು ಅದು ಯೋಜನಾ ಪ್ರಾಧಿಕಾರಕ್ಕೆ ಅಧಿಕಾರ ಕೊಡುತ್ತದೆ. ಮುಂದೆ ಸೇರಿದ 18-ಎ ಕಲಮು ವರ್ತುಲ ರಸ್ತೆ, ಸಮೂಹ ಸಾರಿಗೆಗಳಿಗೂ ಸರ್‌ಚಾರ್ಜ್ ವಿಧಿಸಲು ಅವಕಾಶ ಮಾಡಿತು. ಈ ಉದ್ದೇಶಗಳ ಪಟ್ಟಿ ದೊಡ್ಡ ನಗರಗಳ ಅಳತೆಗೆ ಹೊಲಿದದ್ದು. ಆದರೆ ಅಂಕೋಲಾದಂಥ ತಾಲೂಕಿಗೆ ಬೇಕಿರುವುದು ಹೊಳೆದಂಡೆಯ ಹಳ್ಳಿಗಳನ್ನು ಜೋಡಿಸುವ ಸೇತುವೆ ಮತ್ತು ಕೂಡುರಸ್ತೆಗಳು.